ಹೆಗಲಿನ ಬಿಗುಮಾನ

ಮನುಷ್ಯನ ಮೈಯಲ್ಲಿ ಅತ್ಯಂತ ಧಾರಾಳವಾದ ಕೀಲು ಹೆಗಲು ಎಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಮೊಣಕಾಲು ಬಾಗಿಲಿನಂತೆ ಮಡಚಿ ಬಿಚ್ಚಿದರೆ ಮುಗಿಯಿತು. ಹೆಗಲಿನಲ್ಲಿ ತೋಳೆಲುಬಿನ ಗುಂಡುತಲೆ ಆಳವಿಲ್ಲದ ಬಸಿಯಂಥ ಕುಳಿಯಲ್ಲಿ ಕೂತು ಎಲ್ಲ ಕಡೆಗೂ ತಿರುಗುತ್ತದೆ. ಅದನ್ನು ಸುತ್ತಿಕೊಂಡು ಒಂದು ಸಡಿಲ ಚೀಲ, ಒಳಗೆ ಜಾರಲು ಒಂದಿಷ್ಟು ದ್ರವ.

ಕಳೆದ ವರ್ಷ ನನ್ನ ಬಲಹೆಗಲಿನ ಆ ಚೀಲ ದಪ್ಪಗಾಗಿ ಬಿಗಿದುಕೊಂಡಿತು. ಕೈ ಎದೆಯ ಮಟ್ಟ ದಾಟದು. ಅಂಗಿ ತೊಡಿಸುವುದು ಹೆಂಡತಿಯ ಕೆಲಸವಾಯಿತು. ತಲೆ ಬಾಚುವ ಕಷ್ಟವನ್ನು ದೇವರು ಮೊದಲೇ ತಪ್ಪಿಸಿದ್ದ.

ಬಾಗಲಕೋಟೆಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹುಸೇನ ನನ್ನ ಬಾಲ್ಯದ ಗೆಳೆಯ. ಸಂಜೆ ನಾನು ಆ ದಾರಿ ಹಿಡಿದರೆ ಆಚೆಯಿಂದ ಅವನು ಕೈಯೆತ್ತುತ್ತಿದ್ದ, ಈಚೆಯಿಂದ ನಾನು. ಈಗ ನನ್ನ ಬಲಗೈ ಏಳದು, ಎಡಗೈಯಲ್ಲಿ ತರಕಾರಿ ಚೀಲ. ತಲೆಯಾಡಿಸುತ್ತಿದ್ದೆ, ಪೇಟೆಯ ಗದ್ದಲದಲ್ಲಿ ಅವನಿಗೆ ಕಾಣುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಅವನು ಕೈಯೆತ್ತುವುದನ್ನೇ ಬಿಟ್ಟ. ವ್ಯಾಪಾರದ ಗಡಿಬಿಡಿ ಎಂದುಕೊಂಡೆ.

ಹೆಂಡತಿ ಸುದ್ದಿ ತಂದಳು: "ಮಾಸ್ತರು ಭಾಳ ದೊಡ್ಡವರಾಗ್ಯಾರ ಅಂತ ಹುಸೇನಣ್ಣ ಅಂದಾನಂತ್ರಿ. ನಸ್ರೀನಳ ನಿಕಾಕ್ಕ ನಮ್ಮನ್ನ ಕರೀಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತಾನಂತ!"

ಅವನ ಮಗಳು ನಸ್ರೀನ ನಮ್ಮ ಮನೆಯಲ್ಲೇ ಆಡಿ ಬೆಳೆದವಳು. ಕೂಡಲೇ ಅಂಗಡಿಗೆ ಹೋದೆ.

"ಲೇ ಹುಸೇನ, ಇದು ಸೊಕ್ಕಲ್ಲೋ. ಹೆಗಲು ಹಿಡದೈತಿ" ಎಂದು ಅವನ ಚಹದ ಬಸಿಯನ್ನೇ ಎಳೆದುಕೊಂಡು ಪಾಠ ಶುರುಮಾಡಿದೆ. ಪಾಠಕ್ಕೆ ಕಾಯದೆ ಅವನು ನನ್ನ ಮೊಣಕೈ ಹಿಡಿದು ಎತ್ತಿಯೇ ನೋಡಿದ. ನಾನು ಕಿರುಚಿದ್ದಕ್ಕೆ ಎದುರಂಗಡಿಯವರೂ ಹೊರಗೆ ಬಂದರು.

"ಖರೇನ ಏಳೂದಿಲ್ಲಲ್ಲೋ!" ಅವನ ಕಣ್ಣು ತುಂಬಿತು. "ಮೊದಲ ಹೇಳಬಾರದೇನ್ಲೇ? ನಾ ಏನೇನೋ ತಿಳಕೊಂಡು ಕುಂತಿದ್ದೆ."

ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ಮೆಲ್ಲಗೆ ಏರಿಸಬೇಕೆಂದು ದವಾಖಾನೆಯಲ್ಲಿ ಹೇಳಿದ್ದರು. ನೋವಿಗೆ ಹೆದರಿ ಬಿಟ್ಟಿದ್ದೆ. ಹುಸೇನ ಬಿಡಲಿಲ್ಲ. ದಿನಾ ಸಂಜೆ ಅವನ ಅಂಗಡಿಯ ಗೋಡೆಯೇ ನನ್ನ ವ್ಯಾಯಾಮಶಾಲೆ. "ಇನ್ನೊಂದೀಟ, ಇನ್ನೊಂದೀಟ" ಎನ್ನುತ್ತ ಗಿರಾಕಿಗಳೂ ಹುರಿದುಂಬಿಸುತ್ತಿದ್ದರು.

ನಿಕಾ ಮುಗಿದು ನಸ್ರೀನ ಇಳಕಲ್ಲಿಗೆ ಹೊರಟಳು. ಕಾರಿನ ಕಿಟಕಿಯಿಂದ ಕೈಬೀಸಿ, "ಕಾಕಾ, ಬರ್ತೇನಿ" ಎಂದಳು. ನೆರೆದವರೆಲ್ಲ ಕೈಯೆತ್ತಿದರು, ಅವರೊಡನೆ ನಾನೂ. ಕಾರು ತಿರುವಿನಲ್ಲಿ ಮರೆಯಾದ ಮೇಲಷ್ಟೇ ಹೆಗಲು ಚುರುಕ್ಕೆಂದಿತು. ನೋಡಿದರೆ ಬಲಗೈ ಕಿವಿಯ ಪಕ್ಕ ನೆಟ್ಟಗೆ ನಿಂತಿದೆ.

ಅಳುತ್ತಿದ್ದ ಹುಸೇನ ಮೂಗೊರೆಸಿಕೊಂಡು ನನ್ನ ಕಡೆ ನೋಡಿದ. "ಇನ್ನ ಕೈ ಇಳಸೋ" ಎಂದ, "ಆಕಿ ಹೋದಳು."