ಅಜ್ಜಿಯ ನಿದ್ದೆ ಮಾತ್ರೆ

"ಈ ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸುವ" ಎಂದು ಕಾಪುವಿನ ನಮ್ಮ ಡಾಕ್ಟರು ಅಜ್ಜಿಗೆ ಹೇಳಿದಾಗ ನನಗೆ ಸಂಶಯ ಬಂತು. ಹಿಂದಿನ ದಿನವಷ್ಟೇ ಅವರು ಮಣಿಪಾಲದಲ್ಲಿ ವೈದ್ಯರ ಕಡ್ಡಾಯ ತರಬೇತಿಗೆ ಹೋಗಿದ್ದರು. ಎಲ್ಲರನ್ನೂ ಅಣಕಿಸುವ ನಾನು ಅವರದೇ ಗೊಗ್ಗರು ಸ್ವರದಲ್ಲಿ ಕೇಳಿದೆ: "ಅಲ್ಲಿ ಊಟ ಯಾವ ಔಷಧಿ ಕಂಪೆನಿಯದ್ದು ಡಾಕ್ಟ್ರೇ? ಹೊಸ ಮಾತ್ರೆ ಯಾವುದು?"

ಅವರು ನಗಲಿಲ್ಲ. "ಹೊಸತು ಎಂತದೂ ಇಲ್ಲ ಮಾರಾಯ. ಹಾಜರಿ ಹಾಕಿ ಬರುವ ಅಂತ ಹೋದವ ನಾನು. ಅಜ್ಜಿ ಎರಡು ಸಲ ಬಚ್ಚಲಲ್ಲಿ ಬಿದ್ದದ್ದು ಇದರಿಂದಲೇ ಇರಬಹುದು ಅಂತ ಅಲ್ಲಿ ಗೊತ್ತಾಯಿತು. ಇಷ್ಟು ವರ್ಷ ಬರೆದುಕೊಟ್ಟವ ನಾನೇ ಅಲ್ವಾ?"

ಅಜ್ಜಿ ಆಮೇಲೆ ಬಿದ್ದಿಲ್ಲ. ನನ್ನ ಸಂಶಯ ಮಾತ್ರ ಬೆಳೆದಿದೆ. ಈಗ ಯಾವ ಡಾಕ್ಟರ ಎದುರು ಕೂತರೂ, "ನೀವು ಕೊನೆಯ ಸಲ ಕ್ಲಾಸಿಗೆ ಹೋದದ್ದು ಯಾವಾಗ?" ಎಂದು ಕೇಳಬೇಕೆನಿಸುತ್ತದೆ. ಆದರೆ ನನ್ನ ಬಾಯಿ ಅವರು ಹೇಳಿದಂತೆ ನಾಲಿಗೆ ಚಾಚುವುದಕ್ಕಷ್ಟೇ ತೆರೆಯುತ್ತದೆ.