ಅವ್ವನ ಮಾತ್ರೆಯ ಜೊತೆಗಾತಿ

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಮನೆಯೊಳಗಿಲ್ಲ. ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಪಕ್ಕದ ಮನೆಯ ಸುಜಾತಮ್ಮನವರ ಜೊತೆ ಕುಳಿತು ನಗುತ್ತಿದ್ದಳು.

“ಅವ್ವಾ, ಥೈರಾಯ್ಡ್ ಮಾತ್ರಿ ತಗೊಂಡಿಯೇನು?”

“ಇಬ್ಬರೂ ಕೂಡೇ ನುಂಗೀವಿ. ತಾಸಾಗೂ ಮೊದಲ ಚಹಾ ಕುಡದ್ರ ಇಕಿ ಬೈತಾಳ,” ಎಂದಳು, ಹೆಮ್ಮೆಯಿಂದ.

ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಚಹಾ ಕುಡಿಯಲು ಸ್ವಲ್ಪ ಹೊತ್ತು ಕಾಯಿ ಎಂದು ನಾನು ಗೋಗರೆದಾಗಲೆಲ್ಲ ಮುಖ ತಿರುಗಿಸಿ ಮಲಗುತ್ತಿದ್ದವಳು ಇವಳೇ! ನನಗೆ ಹೊಟ್ಟೆ ಉರಿಯಿತು.

ಮುಂದಿನ ರಕ್ತಪರೀಕ್ಷೆಯ ವರದಿ ಚೆನ್ನಾಗಿ ಬಂತು. ಮಗಳು ಚೆನ್ನಾಗಿ ನೋಡಿಕೊಂಡಿದ್ದಾಳೆ ಎಂದು ಡಾಕ್ಟರು ಹೊಗಳಿದಾಗ ಆ ಉರಿ ಇನ್ನೂ ಹೆಚ್ಚಾಯಿತು. ಈಗ ದಿನಾ ಮೆಟ್ಟಿಲಿಗೆ ಎರಡು ಕಪ್ ಚಹಾ ಒಯ್ದು ಕೊಡುತ್ತೇನೆ. ನನ್ನದನ್ನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕುಡಿಯುತ್ತೇನೆ.