ಲಾರಿಯ ಎಡಗಡೆ ಸೀಟು

ಅಲ್ಲ ಕಣೇ ಪುಟ್ಟಿ, ನಿಮ್ಮ ತಾತ ಮೂಗ ಅಲ್ಲ. ಅದನ್ನ ಮೊದಲು ಹೊಡೆದುಹಾಕು, ಆಮೇಲೆ ಬರಿ. ಮನೇಲಿ ಮಾತಾಡ್ತಿರಲಿಲ್ಲ, ಅಷ್ಟೆ. ಲಾರಿ ಇಳಿದು ಬಂದರೆ ಎರಡು ದಿನ ಇರೋರು. ಸ್ನಾನ, ಊಟ, ನಿದ್ದೆ. "ಈ ಸಲ ಎಲ್ಲೆಲ್ಲಿ ಹೋಗಿದ್ರಿ?" ಅಂದರೆ, "ಹೇಳಿದ್ನಲ್ಲೇ, ಎಷ್ಟು ಸಲ ಹೇಳ್ಲಿ?" ಅನ್ನೋರು. ಎಲ್ಲಿ ಹೇಳಿದ್ರು? ಯಾರಿಗೆ ಹೇಳಿದ್ರು? ನನಗಂತೂ ಬೇರೆ ಅನುಮಾನಾನೇ ಬಂದಿತ್ತು. ನಗಬೇಡ, ಆಗ ನನಗೂ ವಯಸ್ಸಿತ್ತು.

ಸ್ಟೇರಿಂಗ್ ಹಿಡಿದಾಗ ಅವರಿಗೆ ಇಪ್ಪತ್ತೆರಡು. ಮಹಾ ಮುಂಗೋಪಿ, ಅಷ್ಟೇ ಪುಕ್ಕಲ. ಗೊತ್ತಿಲ್ಲದವರ ಹತ್ತಿರ ನೀರು ಕೇಳೋಕೂ ನಾಚಿಕೆ; ಗಂಟಲು ಒಣಗಿಸಿಕೊಂಡೇ ಮನೆ ಸೇರೋರು. ಒಂದು ಸಲ ಘಾಟಿಯಲ್ಲಿ ಗುಡ್ಡ ಕುಸಿದು ನಾಲ್ಕು ದಿನ ಸಿಕ್ಕಿಹಾಕಿಕೊಂಡರು. ಪಕ್ಕದ ಹಳ್ಳಿಯವರು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ, ದಿನಾ ಊಟ ತಂದುಕೊಟ್ಟರಂತೆ. ಆವತ್ತಿನಿಂದ ನಮ್ಮ ಬಾಗಿಲಲ್ಲಿ ಒಂದು ಬಿಂದಿಗೆ ನೀರು, ಒಂದು ಲೋಟ. ಯಾರು ಬೇಕಾದರೂ ಕುಡೀಬಹುದು. ಹಾಗೇ ಓಡಾಡಿ ಓಡಾಡಿ ಮನುಷ್ಯ ಮೆತ್ತಗಾದರು. ಐದು ಭಾಷೆ ಕಲಿತರು, ಬೈಯೋದು ಬಿಟ್ಟರು. ಇನ್ನೊಂದು ಕೇಳು. ಟೈರಿಗೆ ರಾಡು ಬಡಿದು ಗಾಳಿ ನೋಡ್ತಾರಲ್ಲ, ಹಾಗೆ ಅಡುಗೆಮನೆ ಡಬ್ಬಿಗಳನ್ನ ಬೆರಳಲ್ಲಿ ತಟ್ಟಿ, "ಅಕ್ಕಿ ಮುಗೀತಾ ಬಂತು" ಅನ್ನೋರು. ಸರಿಯಾಗೇ ಇರ್ತಿತ್ತು!

ಮೆತ್ತಗಾಗದೆ ಉಳಿದೋಳು ನಾನು. ಯಾಕೆ ಗೊತ್ತಾ? ನಮ್ಮಮ್ಮ ಹಾಸಿಗೆ ಹಿಡಿದಾಗ, "ಒಂದು ಸಲ ಕರ್ಕೊಂಡು ಹೋಗಿ" ಅಂದೆ. ಕಂಕುಳಲ್ಲಿ ನಿಮ್ಮಪ್ಪ, ಕೈಗೂಸು. ಒಬ್ಬಳೇ ಬಸ್ಸು ಹತ್ತೋ ಧೈರ್ಯ ನನಗಿರಲಿಲ್ಲ. "ಈ ಲೋಡು ಇಳಿಸಿ ಬರ್ತೀನಿ, ಆಮೇಲೆ ಹೋಗೋಣ" ಅಂದರು. ಬರೋಷ್ಟರಲ್ಲಿ ಎಂಟು ದಿನ. ಅಮ್ಮ ತೀರಿಕೊಂಡು ಮೂರು ದಿನ ಆಗಿತ್ತು.

ತಪ್ಪಾಯ್ತು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಮೂವತ್ತು ವರ್ಷ ಕಾದೆ. "ಒಂದು ಸಲ ನನ್ನ ಜೊತೆ ಬಾರೇ, ಎಲ್ಲ ತೋರಿಸ್ತೀನಿ" ಅಂತ ಅವರು ಕರೆದಾಗೆಲ್ಲ ಅದೇ ನೆನಪಾಗೋದು. "ನಿಮ್ಮ ಲೋಡಿನ ಜೊತೆ ನೀವೇ ಹೋಗಿ" ಅಂತ ಮುಖ ತಿರುಗಿಸ್ತಿದ್ದೆ. ಎಷ್ಟು ಸಲ ಕರೆದರೋ.

ಅವರು ತೀರಿಕೊಂಡ ಮುಂದಿನ ವಾರ, ಎಲ್ಲರೂ ಮೀಸೆ ಅಂತ ಕರೆಯೋನು ಮನೆಗೆ ಬಂದ. ಅವರ ಜೊತೆ ಸರದಿ ಮೇಲೆ ಲಾರಿ ಓಡಿಸ್ತಿದ್ದೋನು. ಲಾರಿಯಲ್ಲಿ ಉಳಿದಿದ್ದ ಕಂಬಳಿ ಕೊಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಅಣ್ಣ ಓಡಿಸೋವಾಗ ಎಡಗಡೆ ಸೀಟಲ್ಲಿ ನನ್ನ ಕೂರೋಕೇ ಬಿಡ್ತಿರಲಿಲ್ಲ ಅಕ್ಕಾ. ಅದು ನಿಮ್ಮದಂತೆ. 'ನೋಡೇ, ಹೊಳೆ ತುಂಬಿದೆ. ನೋಡೇ, ಈ ಸೇತುವೆ' ಅಂತ ದಾರಿಯುದ್ದಕ್ಕೂ ಖಾಲಿ ಸೀಟಿನ ಜೊತೆ ಮಾತು. ಹಿಂದೆ ಮಲಗಿದ ನನಗೆ ನಿದ್ದೆ ಎಲ್ಲಿ ಬರ್ಬೇಕು?" ಅಂತ ನಕ್ಕ. ಆಮೇಲೆ ತಲೆ ತಗ್ಗಿಸಿದ. "ನಿಮ್ಮ ತವರಿನ ತಿರುವು ಬಂದರೆ ಲಾರಿ ನಿಧಾನ ಮಾಡೋರು. ಎಡಕ್ಕೆ ನೋಡಿ, 'ಅವತ್ತು ನಿನ್ನ ಕರ್ಕೊಂಡು ಬರಬೇಕಿತ್ತು ಕಣೇ, ನನ್ನದೇ ತಪ್ಪು' ಅನ್ನೋರು. ಪ್ರತಿ ಸಲಾನೂ, ಅಕ್ಕಾ."

ಹೇಳಿದ್ದರು ಪುಟ್ಟಿ. ನನಗೇ ಹೇಳಿದೀನಿ ಅಂದುಕೊಂಡು ಮನೆಗೆ ಬಂದು ಸುಮ್ಮನಾಗ್ತಿದ್ದರು. ಕೇಳಿಸಿಕೊಳ್ಳೋಕೆ ನಾನು ಅಲ್ಲಿರಲಿಲ್ಲ.

ಸಾಕು, ಪುಸ್ತಕ ಮುಚ್ಚು. ಬಸ್ ಸ್ಟ್ಯಾಂಡಿಗೆ ಹೋಗಿ, ನಮ್ಮ ತವರಿನ ಕಡೆ ಹೋಗೋ ಹಗಲು ಬಸ್ಸಿಗೆ ನನಗೊಂದು ಟಿಕೆಟ್ ಮಾಡಿಸಿಕೊಂಡು ಬಾ. ಮುಂದಿನ ಸಾಲು, ಎಡಗಡೆ ಕಿಟಕಿ. ಬಲಗಡೆ ಕೊಡ್ತೀನಿ ಅಂದರೆ ಬೇಡ ಅನ್ನು, ಮಾರನೇ ದಿನದ್ದು ಕೇಳು.